ಲಾಯಕ್ಕೆ ಗಾಡಿ ಬೇಕೇ? ಮೊದಲು ಲದ್ದಿ ತೂಗಿ

ಶ್ರೀರಂಗಪಟ್ಟಣದಿಂದ ಪಾಂಡವಪುರದ ಕಡೆ ಹೋಗುವಾಗ, ನಾಲೆಯ ಪಕ್ಕದಲ್ಲಿ ನಮ್ಮದೊಂದು ಸಣ್ಣ ಲಾಯವಿದೆ. ಆರು ಕುದುರೆ, ಅವನ್ನು ನೋಡಿಕೊಳ್ಳುವ ಇಬ್ಬರು ಸೈಸ್‌ಗಳು. ಮೊದಲ ಗಾಡಿ ಕೊಂಡಾಗ ನಾನು ನೋಡಿದ್ದು ಎರಡೇ: ಬೆಲೆ ಮತ್ತು ಎಂಜಿನ್. ಹಳೆಯ ಪಿಕಪ್, ಗಟ್ಟಿಮುಟ್ಟಾಗಿತ್ತು. ಮನೆಗೆ ತಂದ ಮೇಲೆ ಗೊತ್ತಾಯಿತು, ಅದರ ಹಿಂದಿನ ತೊಟ್ಟಿಯ ಅಂಚು ನಮ್ಮ ಸೈಸ್‌ ಎದೆಯ ಮಟ್ಟಕ್ಕೆ ಬರುತ್ತದೆ ಅಂತ. ಒಂದೊಂದು ಬುಟ್ಟಿ ಲದ್ದಿಯನ್ನೂ ಅಷ್ಟೆತ್ತರ ಎತ್ತಿ ಸುರಿಯಬೇಕು. ತಿಂಗಳು ತುಂಬುವಷ್ಟರಲ್ಲಿ ಒಬ್ಬರಿಗೆ ಸೊಂಟ ಹಿಡಿಯಿತು. ಇನ್ನೊಬ್ಬರು ಸುಮ್ನೆ ಹಳೆಯ ಕೈಗಾಡಿಯನ್ನೇ ತಳ್ಳತೊಡಗಿದರು. ಪಿಕಪ್ ಮಾವಿನ ಮರದ ಕೆಳಗೆ ಕೋಳಿಗಳಿಗೆ ಮನೆಯಾಯಿತು.

ಮೈಸೂರಿಗೆ ಕುದುರೆ ಹೊಸದಲ್ಲ. ಚಾಮುಂಡಿ ಬೆಟ್ಟದ ಬುಡದ ರೇಸ್ ಕ್ಲಬ್ 1891ರದು. ದಸರಾ ಮೆರವಣಿಗೆಯಲ್ಲಿ ಅಶ್ವಾರೋಹಿ ಪೊಲೀಸರನ್ನು ನೋಡದವರು ಯಾರಿದ್ದಾರೆ? ಆದರೆ ಅಂಥ ಕಡೆ ಕೆಲಸಕ್ಕೆ ಆಳು ಜಾಸ್ತಿ. ತೋಟದ ಮೂಲೆಯಲ್ಲಿ ನಾಲ್ಕೈದು ಕುದುರೆ ಕಟ್ಟಿಕೊಂಡವರಿಗೆ ಗಾಡಿ ಸರಿಯಿಲ್ಲದಿದ್ದರೆ ಕೆಲಸವೇ ನಿಲ್ಲುತ್ತದೆ. ಎರಡನೇ ಸಲ ಕೊಳ್ಳುವಾಗ ನಾನು ಹೇಗೆ ಲೆಕ್ಕ ಹಾಕಿದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಒಂದು ವಾರದ ತೂಕ

ಶೋರೂಮಿಗೆ ಹೋಗುವ ಮೊದಲು ಒಂದು ಕೊಕ್ಕೆ ತಕ್ಕಡಿ ತನ್ನಿ. ಒಂದು ವಾರ ಲಾಯದ ಒಳಗೆ ಬರುವುದು, ಹೊರಗೆ ಹೋಗುವುದು ಎಲ್ಲವನ್ನೂ ತೂಗಿ ಬರೆದಿಡಿ.

ಸುಮಾರು 450 ಕೆಜಿ ತೂಗುವ ಕುದುರೆ ದಿನಕ್ಕೆ 20ರಿಂದ 25 ಕೆಜಿ ಲದ್ದಿ ಹಾಕುತ್ತದೆ. ಗಂಜಲದಲ್ಲಿ ನೆಂದ ಹುಲ್ಲು, ಮರದ ಹೊಟ್ಟು ಸೇರಿದರೆ 30 ದಾಟುತ್ತದೆ. ಆರು ಕುದುರೆಗೆ ದಿನಕ್ಕೆ 180 ಕೆಜಿ, ವಾರಕ್ಕೆ ಒಂದೂಕಾಲು ಟನ್! ಮೇವಿನ ಲೆಕ್ಕ ನೋಡಿ. ಒಣಹುಲ್ಲು, ಹುರುಳಿ, ಬೂಸಾ ಎಲ್ಲ ಸೇರಿ ಕುದುರೆ ತಿನ್ನುವ ಒಣ ಆಹಾರ ಅದರ ಮೈತೂಕದ ಶೇ 2ರ ಆಸುಪಾಸು, ಅಂದರೆ 9 ಕೆಜಿ. ಆರಕ್ಕೆ 54 ಕೆಜಿ. ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಎಂಬ ಹಸಿ ಮೇವು), ಹಸಿ ಹುಲ್ಲು ಹಾಕುವುದಾದರೆ ಅದರಲ್ಲಿ ನೀರೇ ಜಾಸ್ತಿ, ಹಾಗಾಗಿ ತೂಕ ಮೂರು–ನಾಲ್ಕು ಪಟ್ಟು ಏರುತ್ತದೆ. ಆದರೂ ಒಣ ಮೇವಿನ ಮನೆಯಲ್ಲಿ ಬರುವುದಕ್ಕಿಂತ ಹೋಗುವುದೇ ಹೆಚ್ಚು. ನಾವೆಲ್ಲ ಮೇವು ತರಲು ಅಂತ ಗಾಡಿ ಕೊಳ್ಳುತ್ತೇವೆ, ಅದು ದುಡಿಯುವುದು ಲದ್ದಿ ಹೊರಲು.

ಬೋರ್‌ವೆಲ್ ಲಾಯದ ಹತ್ತಿರವೇ ಇದ್ದರೆ ನೀರಿನ ಚಿಂತೆ ಬಿಡಿ. ಇಲ್ಲವಾದರೆ ಕುದುರೆಗೆ ದಿನಕ್ಕೆ 30–40 ಲೀಟರ್, ಏಪ್ರಿಲ್ ಬಿಸಿಲಿಗೆ ಇನ್ನೂ ಹೆಚ್ಚು. ಲೀಟರಿಗೆ ಒಂದು ಕೆಜಿ. 500 ಲೀಟರಿನ ಟ್ಯಾಂಕ್ ಹೇರಿದರೆ ಅರ್ಧ ಟನ್ನು ಆಗಲೇ ಏರಿತು. ಅರ್ಧ ತುಂಬಿದ ಟ್ಯಾಂಕ್ ಇನ್ನೂ ಅಪಾಯ. ತಿರುವಿನಲ್ಲಿ ನೀರು ಒಂದು ಬದಿಗೆ ಹೊಡೆದು ಗಾಡಿಯನ್ನೇ ಎಳೆಯುತ್ತದೆ. ನಾಲೆಯ ಏರಿ ಮೇಲೆ ಓಡಿಸುವವರಿಗೆ ಇದನ್ನು ಹೇಳಬೇಕಾಗಿಲ್ಲ.

ಎತ್ತರ, ಅಗಲ

ಇಲ್ಲಿ ಟೇಪು ಬೇಕು. ತೊಟ್ಟಿಯ ಹಿಂದಿನ ಬಾಗಿಲು ಇಳಿಸಿದಾಗ ನೆಲದಿಂದ ಎಷ್ಟು ಎತ್ತರ ಅಂತ ಅಳೆಯಿರಿ. ಲದ್ದಿ ಎತ್ತುವವರ ಸೊಂಟಕ್ಕಿಂತ ಮೇಲಿದ್ದರೆ ಬೇಡ. ಎತ್ತರದ ಗಾಡಿಯೇ ಬೇಕು ಎನ್ನುವುದಾದರೆ ಮಣ್ಣು, ಕಲ್ಲಿನ ಒಂದು ದಿಬ್ಬ ಕಟ್ಟಿಸಿ. ಗಾಡಿಯನ್ನು ಅದರ ಪಕ್ಕಕ್ಕೆ ತಂದರೆ ಕೈಗಾಡಿಯಿಂದಲೇ ನೇರ ಸುರಿಯಬಹುದು. ಈ ಉಪಾಯ ನನಗೆ ಹೊಳೆದದ್ದು ಪಿಕಪ್ ಮಾರಿದ ಮೇಲೆ!

ಲಾಯದ ನಡುದಾರಿಯ ಅಗಲ, ಗೇಟು, ಗಾಡಿ ತಿರುಗಲು ಬೇಕಾದ ಜಾಗ, ಇವನ್ನೂ ಅಳೆದಿಡಿ. ಗಾಡಿಯ ಎರಡು ಬದಿಯಲ್ಲೂ ಒಬ್ಬೊಬ್ಬರು ಕುದುರೆ ಹಿಡಿದು ನಿಲ್ಲುವಷ್ಟು ಜಾಗ ಇಲ್ಲದಿದ್ದರೆ ಅದನ್ನು ಒಳಗೆ ತರಲೇಬೇಡಿ.

ಯಾವ ಜಾತಿಯ ಗಾಡಿ?

ಸಣ್ಣ ಲಾಯಕ್ಕೆ ನನ್ನ ಓಟು ಮಿನಿ ಟ್ರಕ್ಕಿಗೆ. ಟಾಟಾ ಏಸ್ 2005ರಲ್ಲಿ ಬಂದ ಮೇಲೆ ಈ ಅಳತೆಯ ಗಾಡಿಗಳು ಊರೂರಿಗೂ ಹೋಗಿವೆ. ಮುಕ್ಕಾಲು ಟನ್ ಹೊರುತ್ತವೆ, ತೊಟ್ಟಿ ತಗ್ಗು, ಯಾವ ಹೋಬಳಿಯಲ್ಲಾದರೂ ಮೆಕ್ಯಾನಿಕ್ ಸಿಗುತ್ತಾರೆ. ಬೊಲೆರೊ ಜಾತಿಯ ಪಿಕಪ್ ಇದಕ್ಕಿಂತ ಎಷ್ಟೋ ಜಾಸ್ತಿ ಹೊರುತ್ತದೆ. ಆದರೆ ಎತ್ತರದ ಕತೆ ಮೇಲೆ ಹೇಳಿದ್ದೇನಲ್ಲ.

ಹತ್ತು ಕುದುರೆ ದಾಟಿದರೆ ಲೆಕ್ಕವೇ ಬೇರೆ. ಆಗ 20 ಎಚ್‌ಪಿ ಆಸುಪಾಸಿನ, ನಾಲ್ಕೂ ಚಕ್ರ ಎಳೆಯುವ ಸಣ್ಣ ಟ್ರ್ಯಾಕ್ಟರ್ ಮತ್ತು ಸುರಿಯುವ ಟ್ರೇಲರ್ ಒಳ್ಳೆಯದು. ಅದು ಲದ್ದಿ ಎಳೆಯುತ್ತದೆ, ಮೇವು ಕತ್ತರಿಸುವ ಯಂತ್ರ ಓಡಿಸುತ್ತದೆ, ಸವಾರಿ ಅಂಗಳದ ಮರಳು ಹರವುತ್ತದೆ. ವರ್ಷಕ್ಕೆ ನಾಲ್ಕು ದಿನ ಮಾತ್ರ ಟ್ರ್ಯಾಕ್ಟರ್ ಕೆಲಸ ಇದ್ದರೆ ಕೊಳ್ಳುವುದು ದಂಡ. ಮಂಡ್ಯ ಕಡೆ ಗಂಟೆ ಲೆಕ್ಕದಲ್ಲಿ ಟ್ರ್ಯಾಕ್ಟರ್ ಬಾಡಿಗೆಗೆ ಸಿಗದ ಊರಿಲ್ಲ, ಹೋಬಳಿಗಳಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳೂ ಇವೆ.

ವಿದೇಶದ ವಿಡಿಯೊಗಳಲ್ಲಿ ದಪ್ಪ ಟೈರಿನ, ಮೇಲೆ ಕಂಬಿಕಟ್ಟಿನ ಎಟಿವಿ ಬಗೆಯ ಗಾಡಿಗಳನ್ನು ನೋಡಿ ಆಸೆಪಡುವವರು ಇದ್ದಾರೆ. ಫಾರ್ಮ್‌ ಬೇಲಿಯೊಳಗೆ ಅವು ಚೆನ್ನ. ಆದರೆ ಹೆಚ್ಚಿನವು ನಮ್ಮ ರಸ್ತೆಗೆ ನೋಂದಣಿ ಆಗುವುದಿಲ್ಲ. ಹಿಪ್ಪುನೇರಳೆ ತೋಟದವರಿಗೆ ಗೊಬ್ಬರ ತಲುಪಿಸಲು ಗೇಟು ದಾಟಿದಿರೋ, ತೊಂದರೆ ಶುರು. ಬಿಡಿಭಾಗಕ್ಕೆ ಕಾಯುವುದು ಬೇರೆ.

ಎಲೆಕ್ಟ್ರಿಕ್ ಮೂರು ಚಕ್ರದ ಗಾಡಿ? ಸಿಮೆಂಟ್ ನೆಲವಿದ್ದು, ಹೊರೆ ಕಡಿಮೆ ಇದ್ದರೆ ಸರಿ. ಹೊಗೆಯಿಲ್ಲ ಎಂಬುದು ಲಾಯದೊಳಗೆ ದೊಡ್ಡ ಲಾಭವೇ. ಏರುತಗ್ಗಿನ ನೆಲದಲ್ಲಿ ಹೊರೆ ಹೊತ್ತ ಮೂರು ಚಕ್ರವನ್ನು ನಾನಂತೂ ನಂಬುವುದಿಲ್ಲ.

ಒಂದು ಮಾತು. ಇವು ಯಾವುವೂ ಕುದುರೆ ಸಾಗಿಸುವ ಗಾಡಿಗಳಲ್ಲ. ಪಿಕಪ್ಪಿನ ಹಿಂದೆ ಕುದುರೆ ನಿಲ್ಲಿಸಿ ಹಗ್ಗ ಕಟ್ಟಿ ಒಯ್ಯುವುದನ್ನು ನೋಡಿದ್ದೇನೆ, ನೋಡಿದರೇ ಎದೆ ಡವಡವ ಎನ್ನುತ್ತದೆ. 1978ರ ಪ್ರಾಣಿ ಸಾಗಣೆ ನಿಯಮಗಳಲ್ಲಿ ಕುದುರೆಗೆಂದೇ ಬೇರೆ ಅಧ್ಯಾಯವಿದೆ, ಪಶುವೈದ್ಯರ ಪ್ರಮಾಣಪತ್ರ ಬೇಕು. ವರ್ಷಕ್ಕೆ ಒಂದೆರಡು ಸಲದ ಆ ಕೆಲಸಕ್ಕೆ ಕುದುರೆ ಸಾಗಿಸಲೆಂದೇ ಮಾಡಿದ ಟ್ರಕ್ ಬಾಡಿಗೆಗೆ ತನ್ನಿ.

ಮಳೆ ಬಂದ ಮರುದಿನ ನೋಡಿ

ಬಿಸಿಲಲ್ಲಿ ಎಲ್ಲ ಗಾಡಿಯೂ ಓಡುತ್ತದೆ. ಮೈಸೂರು ಕಡೆ ಮಳೆ ಜೋರು ಮೇನಲ್ಲಿ, ಆಮೇಲೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಆ ದಿನಗಳಲ್ಲಿ, ಅರ್ಧ ಹೊರೆ ಹೇರಿ ನಿಮ್ಮ ತಿಪ್ಪೆಯವರೆಗೆ ಓಡಿಸಿ ನೋಡಿ. ಕೆಂಪು ಮಣ್ಣು ಒಂದೆರಡು ದಿನಕ್ಕೆ ಗಟ್ಟಿಯಾಗುತ್ತದೆ. ಎರೆ ಮಣ್ಣು, ನಾಲೆ ನೀರು ಜಿನುಗುವ ಗದ್ದೆ ಬದಿ ಹಾಗಲ್ಲ, ಚಕ್ರ ಒಮ್ಮೆ ಇಳಿದರೆ ಮುಗಿಯಿತು. ದಾರಿಗೆ ಎರಡು ಲೋಡು ಜಲ್ಲಿ ಹಾಕಿಸುವುದು ನಾಲ್ಕು ಚಕ್ರದ ಎಳೆತಕ್ಕೆ ಕೊಡುವ ದುಡ್ಡಿಗಿಂತ ಅಗ್ಗವಾದೀತು. ಟ್ರ್ಯಾಕ್ಟರಿನ ದಪ್ಪ ಹಲ್ಲಿನ ಟೈರು ಕೆಸರಿಗೆ ಒಳ್ಳೆಯದು, ಆದರೆ ಕುದುರೆ ಮೇಯುವ ಗರಿಕೆಯನ್ನು ಬೇರುಸಹಿತ ಕೀಳುತ್ತದೆ.

ಹಳೆಯ ಗಾಡಿಯಾದರೆ

ನಮ್ಮ ಕಡೆ ಹಳೆಯ ಗಾಡಿ ಅಂದರೆ ಕಬ್ಬು ಹೊತ್ತ ಗಾಡಿ ಎಂದೇ ಅಂದುಕೊಳ್ಳಿ. ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಬಾಗಿವೆಯೇ, ಚಾಸಿಯಲ್ಲಿ ವೆಲ್ಡಿಂಗ್ ಗುರುತಿದೆಯೇ ಅಂತ ಕೆಳಗೆ ನುಸುಳಿ ನೋಡಿ. ತೊಟ್ಟಿಯ ತಳಕ್ಕೆ ಹೊಸ ಬಣ್ಣ ಬಳಿದಿದ್ದರೆ ಸ್ಕ್ರೂಡ್ರೈವರಿನಿಂದ ಕುಟ್ಟಿ. ಗಂಜಲ ತಗಡನ್ನು ತಿನ್ನುವುದು ಮುಂದೆ ಇದ್ದೇ ಇದೆ, ತುಕ್ಕು ಹಿಡಿದದ್ದನ್ನೇ ಕೊಂಡರೆ ಎರಡು ಮಳೆಗಾಲ ಬರುವುದಿಲ್ಲ.

ಸರಕು ಗಾಡಿ ಅಂದರೆ ಯೆಲ್ಲೋ ಬೋರ್ಡ್. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷವರ್ಷ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ ಮಾಡಿಸಬೇಕು. ಓಡಿಸಲು ಮಾಮೂಲಿ ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಸಾಕು, 7,500 ಕೆಜಿ ಒಳಗಿನ ಸರಕು ಗಾಡಿಗಳಿಗೆ ಅದು ನಡೆಯುತ್ತದೆ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಮತ್ತೆ ಹೇಳಿದೆ.

ಗಾಡಿ ಕೊಂಡ ದಿನವೇ ಒಂದು ನಿಯಮ ಮಾಡಿ. ಲದ್ದಿ ಹೊತ್ತ ತೊಟ್ಟಿಯಲ್ಲಿ ತೊಳೆಯದೆ ಮೇವು ತರಬಾರದು. ಜಂತುಹುಳದ ಮೊಟ್ಟೆಗಳು ಲದ್ದಿಯಿಂದಲೇ ಹರಡುವುದು. ನೆಂದು ಬೂಷ್ಟು ಹಿಡಿದ ಹುಲ್ಲು ತಿಂದರೆ ಕುದುರೆಗೆ ಹೊಟ್ಟೆನೋವು ಬರುತ್ತದೆ, ಜೀವಕ್ಕೂ ಕುತ್ತು. ನೆರೆಯವರಿಗೆ ಗಾಡಿ ಕೊಟ್ಟಿದ್ದರೆ ದನದ ಫೀಡು ಚೆಲ್ಲಿದೆಯೇ ನೋಡಿ. ಕೆಲವು ದನದ ಆಹಾರಗಳಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕುದುರೆಗೆ ವಿಷ.

ಕುದುರೆಯನ್ನೂ ಕೇಳಿ

ದಸರಾಕ್ಕೆ ಮೊದಲು ಅರಮನೆಯ ಬಳಿ ಕುಶಾಲತೋಪಿನ ತಾಲೀಮು ನಡೆಯುತ್ತದಲ್ವಾ? ಆನೆ, ಕುದುರೆಗಳಿಗೆ ಫಿರಂಗಿ ಸದ್ದು ರೂಢಿಯಾಗಲಿ ಅಂತ. ಹೊಸ ಗಾಡಿಗೂ ಅಂಥದ್ದೇ ತಾಲೀಮು ಬೇಕು. ಕುದುರೆಗೆ ಸುತ್ತ ಬಹುತೇಕ ಎಲ್ಲ ಕಾಣುತ್ತದೆ, ಬೆನ್ನ ಹಿಂದೆ ಮತ್ತು ಹಣೆಯ ನೇರಕ್ಕೆ ಮಾತ್ರ ಕಾಣುವುದಿಲ್ಲ. ಹಾಗಾಗಿ ಹಿಂದಿನಿಂದ ಬರಬೇಡಿ, ನಡಿಗೆಯ ವೇಗ ಮೀರಬೇಡಿ. ಎಲೆಕ್ಟ್ರಿಕ್ ಗಾಡಿಯಾದರೆ ಬಾಯಲ್ಲಿ ಕೂಗುತ್ತಾ ಬನ್ನಿ, ಸದ್ದಿಲ್ಲದೆ ಪಕ್ಕಕ್ಕೆ ಬಂದದ್ದು ಕುದುರೆಯನ್ನು ಇನ್ನೂ ಬೆಚ್ಚಿಸುತ್ತದೆ. ಎಂಜಿನ್ ಸದ್ದಿಗಿಂತ ಹೆಚ್ಚು ಹೆದರಿಸುವುದು ಗಾಳಿಗೆ ಪಟಪಟ ಹೊಡೆಯುವ ಟಾರ್ಪಾಲು. ಅದನ್ನು ಬಿಗಿಯಾಗಿ ಕಟ್ಟಿ.

ನಾವು ಹೊಸ ಗಾಡಿಯನ್ನು ಮೊದಲ ದಿನ ಬೇಲಿಯ ಹೊರಗೆ, ಎಂಜಿನ್ ನಿಲ್ಲಿಸಿ ಬಿಟ್ಟೆವು. ಎರಡನೇ ದಿನ ಒಳಗೆ ತಂದು ತೊಟ್ಟಿಯಲ್ಲಿ ಹುಲ್ಲು ಹಾಕಿದೆವು. ಮೂರನೇ ದಿನ ಎಂಜಿನ್ ಓಡುತ್ತಿತ್ತು. ನಮ್ಮ ಕಂದು ಹೆಣ್ಣು ಕುದುರೆ ಮಾತ್ರ ನಾಲ್ಕು ದಿನ ಮೂಗರಳಿಸಿ ದೂರವೇ ನಿಂತಳು. ಐದನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ, ವೈಪರಿನ ರಬ್ಬರು ಕಿತ್ತು ಅಗಿಯುತ್ತಿದ್ದಳು. ಅಂದಿನಿಂದ ಗಾಡಿ ನಿಲ್ಲಿಸುವ ಜಾಗ ಬೇಲಿಯ ಆಚೆ.