ಆಂಟಿಬಾಡಿ ಕೈಲಿ ವ್ಯಾಕ್ಸಿನ್ ಪೆಪ್ಟೈಡ್ ಕಳಿಸೋದು ಹೇಗೆ?

ಆಂಟಿಬಾಡಿ ಅಂದ್ರೆ ವೈರಸ್‌ನ ಹಿಡಿದು ಹಾಕೋ ಪ್ರೋಟೀನ್ ಅಂತ ಕೊರೊನಾ ಟೈಮಲ್ಲಿ ಎಲ್ರಿಗೂ ಗೊತ್ತಾಯ್ತು. ಆದ್ರೆ ಅದಕ್ಕೆ ಇನ್ನೊಂದು ಕೆಲಸಾನೂ ಕೊಡಬಹುದು, ವ್ಯಾಕ್ಸಿನ್ ಹೊತ್ಕೊಂಡು ಹೋಗಿ ಸರಿಯಾದ ಸೆಲ್‌ಗೆ ಮುಟ್ಟಿಸೋ ಕೆಲಸ. ಸೆಲ್ ಮೇಲಿರೋ ಒಂದು ರಿಸೆಪ್ಟರ್‌ನ ಮಾತ್ರ ಗುರುತು ಹಿಡಿಯೋ ಹಾಗೆ ಆಂಟಿಬಾಡಿ ಡಿಸೈನ್ ಮಾಡಿ, ಅದರ ಬಾಲಕ್ಕೆ ರೋಗಾಣುವಿನದ್ದೋ ಕ್ಯಾನ್ಸರ್‌ದ್ದೋ ಒಂದು ಪ್ರೋಟೀನ್ ತುಂಡು (ಅದೇ ಪೆಪ್ಟೈಡ್) ಅಂಟಿಸಿ ಬಿಡೋದು, ಐಡಿಯಾ ಇಷ್ಟೇ. ಕೇಳೋಕೆ ಸುಲಭ, ಮಾಡೋಕೆ ಹೋದ್ರೆ ಒಂದೊಂದು ಹೆಜ್ಜೇಲೂ ಎಡವೋ ಜಾಗ ಇದೆ. ಲ್ಯಾಬಲ್ಲಿ ಇದನ್ನ ಹೇಗೆ ಮಾಡ್ತಾರೆ ಅಂತ ಒಂದೊಂದಾಗಿ ನೋಡೋಣ (ಮನೇಲಿ ಟ್ರೈ ಮಾಡೋ ಐಟಂ ಅಲ್ಲ, ಅದನ್ನ ಬಿಡಿಸಿ ಹೇಳ್ಬೇಕಾಗಿಲ್ಲ).

ಬರೀ ಪೆಪ್ಟೈಡ್ ಇಂಜೆಕ್ಟ್ ಮಾಡಿದ್ರೆ ಆಗಲ್ವಾ ಅಂತ ಕೇಳಬಹುದು. ಮಾಡಬಹುದು, ಮಾಡಿದ್ದಾರೆ ಕೂಡ. ಆದ್ರೆ ಎಂಟ್ಹತ್ತು ಅಮೈನೋ ಆಸಿಡ್‌ನ ಸಣ್ಣ ತುಂಡು ರಕ್ತಕ್ಕೆ ಬಿದ್ರೆ ಅಲ್ಲಿರೋ ಎನ್‌ಜೈಮ್‌ಗಳು ಬೇಗ್ನೇ ಕತ್ತರಿಸಿ ಹಾಕ್ತವೆ, ಉಳಿದದ್ದು ಸಿಕ್ಕಸಿಕ್ಕ ಸೆಲ್‌ಗಳ ಮೇಲೆ ಹೋಗಿ ಕೂರತ್ತೆ, ಊರಿಗೆಲ್ಲ ಪಾಂಪ್ಲೆಟ್ ಹಂಚಿದ ಹಾಗೆ, ಯಾರು ಓದ್ಬೇಕೋ ಅವರ ಕೈಗೆ ಸಿಗೋದೇ ಇಲ್ಲ. ಓದಬೇಕಾದೋರು ಡೆಂಡ್ರಿಟಿಕ್ ಸೆಲ್‌ಗಳು. 1973ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲರ್ ಯೂನಿವರ್ಸಿಟಿಲಿ ರಾಲ್ಫ್ ಸ್ಟೈನ್‌ಮನ್ ಮತ್ತೆ ಜಾನ್ವಿಲ್ ಕೋನ್ ಇಲಿಯ ಗುಲ್ಮದಲ್ಲಿ ಗುರುತಿಸಿದ ಕವಲು ಕವಲಾದ ಸೆಲ್ ಇದು. ಸಿಕ್ಕಿದ್ದನ್ನ ನುಂಗಿ, ತುಂಡು ಮಾಡಿ, ಟಿ ಸೆಲ್ ಅನ್ನೋ ರಕ್ಷಣಾ ಸೆಲ್‌ಗಳಿಗೆ ತೋರ್ಸೋದೇ ಇದರ ಕೆಲಸ. ತೊಂದ್ರೆ ಏನಂದ್ರೆ ಸಂಖ್ಯೆ ತುಂಬಾ ಕಮ್ಮಿ, ರಕ್ತದ ಬಿಳಿ ಕಣಗಳಲ್ಲಿ ನೂರಕ್ಕೆ ಒಂದೂ ಇರಲ್ಲ. ಅದಕ್ಕೇ ಹುಡುಕ್ಕೊಂಡು ಹೋಗೋ ಆಂಟಿಬಾಡಿ ಬೇಕಾಗಿರೋದು.

ಮೊದಲು ರಿಸೆಪ್ಟರ್ ಆರಿಸ್ಕೊಳ್ಳಿ

ಹೆಚ್ಚು ಕೆಲಸ ಆಗಿರೋದು ಡೆಕ್-205 ಅನ್ನೋ ರಿಸೆಪ್ಟರ್ ಮೇಲೆ. ಆಂಟಿಬಾಡಿ ಬಂದು ಕೂತ ತಕ್ಷಣ ಇದು ಒಳಗೆ ಎಳ್ಕೊಂಡು ಆಳದ ಎಂಡೋಸೋಮ್ (ಸೆಲ್ ನುಂಗಿದ್ದನ್ನ ಇಟ್ಕೊಳ್ಳೋ ಪುಟ್ಟ ಚೀಲ) ವರೆಗೂ ಕರ್ಕೊಂಡು ಹೋಗತ್ತೆ, ಅಲ್ಲಿ ಸರಕು ಚೂರಾಗಿ ಎಂಎಚ್‌ಸಿ ಅನ್ನೋ ಪ್ರೋಟೀನ್ ಮೇಲೆ ಕೂತು ಮತ್ತೆ ಹೊರಗೆ ಬರತ್ತೆ. ಒಂದು ಕಿರಿಕಿರಿ ಅಂದ್ರೆ ಇಲೀಲಿ ಇದು ಹೆಚ್ಚಾಗಿ ಡೆಂಡ್ರಿಟಿಕ್ ಸೆಲ್ ಮೇಲೆ ಕಾಣ್ಸಿದ್ರೂ, ಮನುಷ್ಯರಲ್ಲಿ ಬಿ ಸೆಲ್, ಮೊನೊಸೈಟ್ ಮೇಲೆಲ್ಲ ಸ್ವಲ್ಪ ಸ್ವಲ್ಪ ಇದೆ, ಹಾಗಾಗಿ ಇಲಿಯ ರಿಸಲ್ಟ್ ನೋಡಿ ಕುಣಿಯೋ ಹಾಗಿಲ್ಲ. ಕ್ಲೆಕ್9ಎ ಅನ್ನೋ ಇನ್ನೊಂದು ರಿಸೆಪ್ಟರ್ ಗುರಿ ವಿಷ್ಯದಲ್ಲಿ ಇದಕ್ಕಿಂತ ಬಿಗಿ, ಸಿಡಿಸಿ1 ಅನ್ನೋ ಒಂದು ಜಾತಿ ಡೆಂಡ್ರಿಟಿಕ್ ಸೆಲ್ ಮೇಲೇ ಹೆಚ್ಚು ಇರತ್ತೆ. ಸಿಡಿ40 ಬೇರೆ ಥರ: ಅದು ಸರಕನ್ನ ಆಳಕ್ಕೆ ತಗೊಂಡು ಹೋಗಲ್ಲ, ಮೊದಲ ಹಂತದ ಎಂಡೋಸೋಮ್‌ನಲ್ಲೇ ಬಿಡತ್ತೆ, ಮನುಷ್ಯರ ಸೆಲ್‌ಗಳಲ್ಲಿ ನೋಡಿದಾಗ ಕೊಲ್ಲೋ ಕೆಲಸದ ಸಿಡಿ8 ಟಿ ಸೆಲ್‌ಗಳನ್ನ ಎಬ್ಬಿಸೋಕೆ ಇದೇ ಡೆಕ್-205ಗಿಂತ ಚೆನ್ನಾಗಿ ಕೆಲಸ ಮಾಡ್ತು.

ಇಲ್ಲಿ ನಿಮಗೆ ಏನು ಬೇಕು ಅನ್ನೋದು ಕ್ಲಿಯರ್ ಆಗಿರ್ಬೇಕು. ಹೊರಗಿಂದ ನುಂಗಿದ್ದು ಸಾಮಾನ್ಯವಾಗಿ ಎಂಎಚ್‌ಸಿ ಕ್ಲಾಸ್ 2 ದಾರೀಲಿ ಹೋಗತ್ತೆ, ಅಂದ್ರೆ ಸಹಾಯಕ ಸಿಡಿ4 ಸೆಲ್‌ಗಳಿಗೆ. ಸೋಂಕಿತ ಸೆಲ್‌ನ ಕೊಲ್ಲೋ ಸಿಡಿ8 ಸೆಲ್ ಬೇಕು ಅಂದ್ರೆ ಸರಕು ಕ್ಲಾಸ್ 1 ದಾರಿಗೆ ದಾಟ್ಬೇಕು, ಅದನ್ನ ಕ್ರಾಸ್ ಪ್ರೆಸೆಂಟೇಶನ್ ಅಂತಾರೆ, ಅದ್ರಲ್ಲಿ ಸಿಡಿಸಿ1 ಎತ್ತಿದ ಕೈ.

ಪೆಪ್ಟೈಡ್ ಮತ್ತೆ ಅದನ್ನ ಅಂಟಿಸೋ ಜಾಗ

ಕ್ಲಾಸ್ 1ಕ್ಕೆ 8ರಿಂದ 10 ಅಮೈನೋ ಆಸಿಡ್ ಸಾಕು, ಕ್ಲಾಸ್ 2ಕ್ಕೆ 13 ಅಥ್ವಾ ಇನ್ನೂ ಉದ್ದ. ಆದ್ರೆ ಒಂಬತ್ತರ ತುಂಡೊಂದನ್ನೇ ನೆಚ್ಕೊಂಡ್ರೆ ಅದು ಒಂದೆರಡು ಎಚ್‌ಎಲ್‌ಎ (ಮನುಷ್ಯರ ಎಂಎಚ್‌ಸಿ, ಒಬ್ಬೊಬ್ಬರಲ್ಲಿ ಒಂದೊಂದು ಥರ) ಟೈಪ್ ಇರೋ ಜನಕ್ಕೆ ಮಾತ್ರ ಕೆಲಸ ಮಾಡತ್ತೆ, ಪಕ್ಕದೋರಿಗೆ ಏನೂ ಆಗಲ್ಲ. ಅದಕ್ಕೇ ಉದ್ದ ಪೆಪ್ಟೈಡ್, ಇಲ್ಲಾ ನಾಲ್ಕೈದು ತುಂಡಿನ ಮಾಲೆ, ಇಲ್ಲಾ ಇಡೀ ಪ್ರೋಟೀನೇ ಅಂಟಿಸ್ತಾರೆ. ತುಂಡಿನ ಎರಡೂ ಕಡೆ ಮೂಲ ಪ್ರೋಟೀನ್‌ನಲ್ಲಿದ್ದ ಕೆಲವು ಅಮೈನೋ ಆಸಿಡ್ ಉಳಿಸ್ಕೊಂಡ್ರೆ ಸೆಲ್ ಒಳಗಿನ ಕತ್ತರಿ ಸರಿಯಾದ ಜಾಗದಲ್ಲಿ ಕಟ್ ಮಾಡೋ ಚಾನ್ಸ್ ಜಾಸ್ತಿ.

ಅಂಟಿಸೋಕೆ ಮಾಮೂಲಿ ಜಾಗ ಆಂಟಿಬಾಡಿಯ ಉದ್ದ ಸರಪಳಿ, ಅಂದ್ರೆ ಹೆವಿ ಚೈನ್‌ನ ಕೊನೇ ತುದಿ (ಸಿ ತುದಿ). ಐಜಿಜಿ ಅನ್ನೋ ಮಾಮೂಲಿ ಜಾತಿ ಆಂಟಿಬಾಡೀಲಿ ಎರಡು ಹೆವಿ ಚೈನ್ ಇರೋದ್ರಿಂದ ಒಂದು ಆಂಟಿಬಾಡಿಗೆ ಎರಡು ಕಾಪಿ ಪೆಪ್ಟೈಡ್ ತಾನಾಗೇ ಸಿಗತ್ತೆ, ಜೀನ್ ಲೆವೆಲ್‌ನಲ್ಲೇ ಸೇರಿಸಿರೋದ್ರಿಂದ ಪ್ರತಿ ಬ್ಯಾಚೂ ಒಂದೇ ಥರ. ನಾರ್ವೆಯ ಓಸ್ಲೋದಲ್ಲಿ ಬ್ಯಾರ್ನೆ ಬೋಗನ್ ಟೀಮ್ ಇನ್ನೂ ಮುಂದೆ ಹೋಗಿ ಆಂಟಿಬಾಡಿಯ ಕಾನ್‌ಸ್ಟಂಟ್ ಭಾಗದ ಲೂಪ್‌ಗಳಲ್ಲೇ ಪೆಪ್ಟೈಡ್ ತೂರಿಸ್ತು, ಅವನ್ನ ಟ್ರಾಯ್‌ಬಾಡಿ ಅಂತ ಕರೀತಾರೆ. ಕೆಮಿಕಲ್ ದಾರೀನೂ ಇದೆ, ಸಿಸ್ಟೀನ್ ಅನ್ನೋ ಅಮೈನೋ ಆಸಿಡ್‌ಗೆ ಮೇಲಿಮೈಡ್ ಅನ್ನೋ ಕೊಂಡಿ ಹಾಕಿ ಜೋಡ್ಸೋದು. ಬೇಗ ಆಗತ್ತೆ, ಆದ್ರೆ ಒಂದು ಆಂಟಿಬಾಡಿಗೆ ಎರಡು, ಇನ್ನೊಂದಕ್ಕೆ ಐದು ಹೀಗೆ ಅಂಟ್ಕೊಂಡು ಕಲಬೆರಕೆ ಆಗತ್ತೆ, ಮೇಲಾಗಿ ಆ ಬಾಂಡ್ ರಕ್ತದಲ್ಲಿ ಬಿಟ್ಕೊಂಡು ಪೆಪ್ಟೈಡ್ ಅಲ್ಲಿನ ಆಲ್ಬುಮಿನ್ ಪ್ರೋಟೀನ್ ಜೊತೆ ಓಡಿ ಹೋಗೋದೂ ಉಂಟು. ನನ್ನ ಕೇಳಿದ್ರೆ ಟ್ರಯಲ್ ನೋಡೋಕೆ ಕೆಮಿಕಲ್ ಓಕೆ, ಸೀರಿಯಸ್ ಆಗಿ ಮಾಡೋದಾದ್ರೆ ಜೀನ್ ಫ್ಯೂಶನ್ನೇ ಸರಿ.

ಜೊತೇಲೇ ಆಂಟಿಬಾಡಿಯ ಕೆಳಗಿನ ಎಫ್‌ಸಿ ಭಾಗಾನ ಸುಮ್ಮನಾಗಿಸ್ಬೇಕು. ಇಲ್ಲಾಂದ್ರೆ ದಾರೀಲಿ ಮ್ಯಾಕ್ರೋಫೇಜ್‌ಗಳು ಎಫ್‌ಸಿ ಹಿಡಿದು ಸರಕನ್ನ ನುಂಗ್ತವೆ, ಅದಕ್ಕಿಂತ ಕೆಟ್ಟದ್ದು ಅಂದ್ರೆ ಎನ್‌ಕೆ ಸೆಲ್‌ಗಳು ಬಂದು ನೀವು ಹುಡುಕಿ ಹೋದ ಡೆಂಡ್ರಿಟಿಕ್ ಸೆಲ್‌ನೇ ಕೊಂದು ಹಾಕಬಹುದು. 234 ಮತ್ತೆ 235ನೇ ಜಾಗದ ಲ್ಯೂಸಿನ್‌ಗಳನ್ನ ಅಲನಿನ್ ಮಾಡೋದು ಹಳೇ ಉಪಾಯ, 297ನೇ ಜಾಗದ ಸಕ್ಕರೆ ತೆಗೆಯೋದು ಇನ್ನೊಂದು.

ತಯಾರಿ, ಕ್ಲೀನಿಂಗ್, ಚೆಕಿಂಗ್

ಹೆವಿ, ಲೈಟ್ (ಚಿಕ್ಕದು) ಎರಡೂ ಚೈನ್‌ಗಳ ಜೀನ್‌ನ ಪ್ಲಾಸ್ಮಿಡ್ ಅನ್ನೋ ಡಿಎನ್‌ಎ ಉಂಗುರದಲ್ಲಿ ಹಾಕಿ ಎಚ್‌ಇಕೆ293 ಅಥ್ವಾ ಸಿಎಚ್‌ಓ ಅನ್ನೋ ಲ್ಯಾಬ್ ಸೆಲ್‌ಗಳಿಗೆ ಕೊಡ್ತಾರೆ, ಕೆಲವು ದಿನದಲ್ಲಿ ಆಂಟಿಬಾಡಿ ಸೆಲ್ ಬೆಳೆಯೋ ದ್ರವದೊಳಗೆ ಬರತ್ತೆ. ಅದನ್ನ ಪ್ರೋಟೀನ್ ಎ ಕಾಲಮ್ (ಆಂಟಿಬಾಡಿನ ಹಿಡಿದಿಡೋ ಕೊಳವೆ) ಮೇಲೆ ಹಿಡಿದು ಆಸಿಡ್ ಬಫರ್‌ನಲ್ಲಿ ಇಳಿಸ್ತಾರೆ. ಇಳಿಸಿದ ಕೂಡ್ಲೇ ಪಿಎಚ್ ಸರಿ ಮಾಡಿ, ಕಾಯ್ಬೇಡಿ, ಯಾಕಂದ್ರೆ ನೀರಿಗೆ ಆಗದ ಜಿಡ್ಡು ಪೆಪ್ಟೈಡ್ ಬಾಲದಲ್ಲಿದ್ರೆ ಈ ಹಂತದಲ್ಲೇ ಆಂಟಿಬಾಡಿಗಳು ಒಂದಕ್ಕೊಂದು ಅಂಟಿ ಗಂಟಾಗ್ತವೆ. ಗಂಟಾದ ಆಂಟಿಬಾಡಿ ಯಾವ ಸೆಲ್‌ಗೆ ಬೇಕಾದ್ರೂ ಹೋಗತ್ತೆ, ಆಮೇಲೆ ಟಾರ್ಗೆಟಿಂಗ್ ಅಂತ ಹೇಳ್ಕೊಳ್ಳೋದ್ರಲ್ಲಿ ಅರ್ಥ ಇಲ್ಲ. ಹಾಗಾಗಿ ಸೈಜ್ ಪ್ರಕಾರ ಬೇರೆ ಮಾಡೋ ಇನ್ನೊಂದು ಕಾಲಮ್ ಬೇಕೇ ಬೇಕು.

ಸೈಜ್ ನೋಡೋಕೆ ಜೆಲ್ ಮೇಲೆ ಓಡಿಸಿದಾಗ ಲೈಟ್ ಚೈನ್ 25 ಕಿಲೋಡಾಲ್ಟನ್ ಹತ್ರ ಒಂದು ಗೆರೆ, ಹೆವಿ ಚೈನ್ 50ರ ಹತ್ರ ಒಂದು ಗೆರೆ ಕಾಣತ್ತೆ, ಪೆಪ್ಟೈಡ್ ಹೊತ್ತ ಹೆವಿ ಚೈನ್ ಬರೀ ಹೆವಿ ಚೈನ್‌ಗಿಂತ ಒಂಚೂರು ಮೇಲೆ ನಿಲ್ಲತ್ತೆ. ಹೆವಿ ಚೈನ್‌ಗೇ ಮೇಲೊಂದು ಕೆಳಗೊಂದು ಗೆರೆ ಕಂಡ್ರೆ ಬಾಲ ಅರ್ಧಂಬರ್ಧ ಕತ್ತರಿಸ್ಕೊಂಡು ಹೋಗಿದೆ ಅಂತ, ಲಿಂಕರ್ (ಬಾಲನ ಜೋಡಿಸೋ ಕೊಂಡಿ) ಬದ್ಲಾಯಿಸಿ ಮತ್ತೆ ಮಾಡ್ಬೇಕು.

ಆಮೇಲೆ ಸೆಲ್‌ಗೆ ಅಂಟತ್ತಾ ಅಂತ ಫ್ಲೋ ಸೈಟೋಮೆಟ್ರೀಲಿ (ಒಂದೊಂದೇ ಸೆಲ್ ಹರಿಸಿ ಅದರ ಬೆಳಕಿನ ಸಿಗ್ನಲ್ ಅಳೆಯೋ ವಿಧಾನ) ನೋಡೋದು. 4 ಡಿಗ್ರೀಲಿ ಇಟ್ರೆ ಆಂಟಿಬಾಡಿ ಸೆಲ್ ಮೇಲೇ ಕೂತಿರತ್ತೆ, 37ಕ್ಕೆ ತಂದ್ರೆ ಮೇಲಿಂದ ಸಿಗ್ನಲ್ ಇಳಿಯೋಕೆ ಶುರು ಆಗತ್ತೆ, ಒಳಗೆ ಹೋಗ್ತಿದೆ ಅಂತ ಗೊತ್ತಾಗೋದು ಹೀಗೆ. ಕಂಟ್ರೋಲ್ ಮರೀಬೇಡಿ: ಅದೇ ಪೆಪ್ಟೈಡ್ ಹೊತ್ತ, ಆದ್ರೆ ಯಾವ ಸೆಲ್‌ಗೂ ಅಂಟದ ಆಂಟಿಬಾಡಿ. ಇದಿಲ್ಲದೆ ಬಂದ ರಿಸಲ್ಟ್ ಎಷ್ಟೇ ಚೆನ್ನಾಗಿದ್ರೂ ನಾನಂತೂ ನಂಬಲ್ಲ. ಎಂಡೋಟಾಕ್ಸಿನ್ ಟೆಸ್ಟ್ ಕೂಡ ಕಡ್ಡಾಯ, ಬ್ಯಾಕ್ಟೀರಿಯಾದ ಕಸ ಒಂಚೂರು ಉಳಿದಿದ್ರೂ ಅದೇ ಇಮ್ಯೂನ್ ಸೆಲ್‌ಗಳನ್ನ ಕೆರಳಿಸತ್ತೆ, ನೀವು ಆಂಟಿಬಾಡಿ ಕೆಲಸ ಮಾಡ್ತು ಅಂದ್ಕೊಂಡು ಖುಷಿ ಪಡ್ತಾ ಇರ್ತೀರ.

ಡೇಂಜರ್ ಸಿಗ್ನಲ್, ಇದನ್ನ ಬಿಟ್ರೆ ಎಲ್ಲಾ ಉಲ್ಟಾ

ಇಡೀ ಕೆಲಸದಲ್ಲಿ ಹೆಚ್ಚು ತಲೆ ಕೆಡಿಸ್ಕೋಬೇಕಾಗಿರೋದು ಇಲ್ಲೇ. 2001ರಲ್ಲಿ ಸ್ಟೈನ್‌ಮನ್ ಮತ್ತೆ ಮಿಶೆಲ್ ನುಸೆನ್‌ಜ್ವೈಗ್ ಅವರ ಜೊತೆ ಡೇನಿಯಲ್ ಹಾವಿಗರ್ ಒಂದು ಪ್ರಯೋಗ ಪ್ರಕಟಿಸಿದ್ರು. ಕೋಳಿಮೊಟ್ಟೆಯ ಲೈಸೋಜೈಮ್‌ನ ಒಂದು ಪೆಪ್ಟೈಡ್‌ನ ಡೆಕ್-205 ಆಂಟಿಬಾಡಿಗೆ ಸೇರಿಸಿ ಇಲಿಗೆ ಕೊಟ್ರು, ಬೇರೆ ಯಾವ ಔಷಧಿನೂ ಇಲ್ಲ. ಮೊದಲ ಕೆಲವು ದಿನ ಟಿ ಸೆಲ್‌ಗಳು ಜೋರಾಗಿ ಡಿವೈಡ್ ಆದ್ವು, ಅಲ್ಲಿಗೇ ನಿಲ್ಲಿಸಿ ಬರೆದಿದ್ರೆ ವ್ಯಾಕ್ಸಿನ್ ಸಕ್ಸಸ್ ಅಂತಾನೇ ಅನ್ನಿಸ್ತಿತ್ತು. ಆದ್ರೆ ಒಂದು ವಾರ ಆಗೋಷ್ಟ್ರಲ್ಲಿ ಆ ಸೆಲ್‌ಗಳಲ್ಲಿ ಬಹುಪಾಲು ಮಾಯ. ಉಳಿದವಕ್ಕೆ ಅದೇ ಪೆಪ್ಟೈಡ್‌ನ ಸ್ಟ್ರಾಂಗ್ ಅಜುವೆಂಟ್ (ಇಮ್ಯೂನ್ ಸೆಲ್‌ಗಳನ್ನ ಕೆರಳಿಸೋ ಔಷಧಿ) ಜೊತೆ ಮತ್ತೆ ಕೊಟ್ರೂ ಎದ್ದೇಳಲಿಲ್ಲ. ಅಂದ್ರೆ ಪಾರ್ಸಲ್ ಕರೆಕ್ಟಾಗಿ ತಲುಪಿತ್ತು, ತಲುಪಿದ್ದಕ್ಕೇ ದೇಹ ಅದನ್ನ ನಮ್ಮದೇ ಅಂತ ಒಪ್ಕೊಂಡು ಸುಮ್ಮನಾಯ್ತು. ಜೊತೇಲಿ ಸಿಡಿ40ಯನ್ನ ಆನ್ ಮಾಡೋ ಇನ್ನೊಂದು ಆಂಟಿಬಾಡಿ ಕೊಟ್ಟಾಗ ಮಾತ್ರ ಟಿ ಸೆಲ್‌ಗಳು ಉಳ್ಕೊಂಡ್ವು.

ಯಾಕೆ ಹೀಗೆ ಅಂದ್ರೆ, ಶಾಂತವಾಗಿರೋ ಡೆಂಡ್ರಿಟಿಕ್ ಸೆಲ್ ದಿನಾಲೂ ನಮ್ಮದೇ ಸತ್ತ ಸೆಲ್‌ಗಳ ಚೂರು ತೋರಿಸ್ತಾ ಇರತ್ತೆ, ಅದಕ್ಕೆಲ್ಲ ಟಿ ಸೆಲ್ ರೊಚ್ಚಿಗೆದ್ರೆ ನಾವು ಬದುಕೋ ಹಾಗೇ ಇಲ್ಲ. ಅಪಾಯದ ಸುಳಿವು ಸಿಕ್ಕಾಗ ಮಾತ್ರ ಅದು ಮೈಮೇಲೆ ಸಿಡಿ80, ಸಿಡಿ86 ಅನ್ನೋ ಎಚ್ಚರಿಕೆ ಪ್ರೋಟೀನ್ ಏರಿಸ್ಕೊಂಡು, ಸೈಟೋಕೈನ್ (ಸಂದೇಶದ ಪ್ರೋಟೀನ್) ಬಿಟ್ಟು, ಇದು ಬೇರೆ ವಿಷ್ಯ ಅಂತ ಹೇಳೋದು. ಹಾಗಾಗಿ ಆಂಟಿಬಾಡಿ ಜೊತೆ ಪಾಲಿ ಐಸಿ, ರೆಸಿಕ್ವಿಮೋಡ್, ಸಿಪಿಜಿ ಥರದ್ದು ಯಾವುದಾದ್ರೂ ಅಜುವೆಂಟ್ ಕೊಡ್ಲೇಬೇಕು, ಅದೂ ಸರಿಸುಮಾರು ಅದೇ ಟೈಮಲ್ಲಿ, ಸರಕು ಮೊದಲೇ ತಲುಪಿ ಸಿಗ್ನಲ್ ಲೇಟಾದ್ರೆ ಮತ್ತೆ ಅದೇ ಕಥೆ.

ಇದಕ್ಕೂ ಒಂದು ಅಪವಾದ ಇದೆ ನೋಡಿ. 2008ರಲ್ಲಿ ಕ್ಲೆಕ್9ಎಗೆ ಕಳಿಸಿದ ಆಂಟಿಬಾಡಿ ಯಾವ ಅಜುವೆಂಟೂ ಇಲ್ದೆ ಇಲೀಲಿ ಜೋರು ಆಂಟಿಬಾಡಿ ರೆಸ್ಪಾನ್ಸ್ ಎಬ್ಬಿಸ್ತು. ಆದ್ರೆ ಕೊಲ್ಲೋ ಸಿಡಿ8 ಸೆಲ್ ಬೇಕಂದ್ರೆ ಅಲ್ಲೂ ಅಜುವೆಂಟ್ ಬೇಕಾಯ್ತು.

ಕೊಟ್ಟಾದ್ಮೇಲೆ

ಅಳೆಯೋ ವಿಧಾನಗಳು ಮಾಮೂಲಿ: ಆ ಪೆಪ್ಟೈಡ್ ಗುರುತಿಸೋ ಟಿ ಸೆಲ್ ಎಷ್ಟಿವೆ ಅಂತ ಟೆಟ್ರಾಮರ್‌ನಲ್ಲಿ, ಅವು ಇಂಟರ್‌ಫೆರಾನ್ ಬಿಡ್ತಿವೆಯಾ ಅಂತ ಎಲಿಸ್ಪಾಟ್‌ನಲ್ಲಿ. ಒಂದೇ ಮಾತು, ಮೂರನೇ ದಿನದ ಡೇಟಾ ನೋಡಿ ತೀರ್ಮಾನಕ್ಕೆ ಬರ್ಬೇಡಿ, ಯಾಕೆ ಅಂತ ಈಗ ಗೊತ್ತಲ್ಲ.

ಮನುಷ್ಯರಲ್ಲಿ ಹೆಚ್ಚು ಹೆಸರಾಗಿರೋದು ಸಿಡಿಎಕ್ಸ್-1401. ಡೆಕ್-205 ಆಂಟಿಬಾಡಿಗೆ ಎನ್‌ವೈ-ಈಸೋ-1 ಅನ್ನೋ ಕ್ಯಾನ್ಸರ್ ಪ್ರೋಟೀನ್ ಸೇರಿಸಿದ್ದು. 2014ರಲ್ಲಿ ಬಂದ ಮೊದಲ ಹಂತದ ವರದೀಲಿ 45 ಜನ ಮುಂದುವರಿದ ಕ್ಯಾನ್ಸರ್ ಪೇಶೆಂಟ್‌ಗಳಿಗೆ ಇದನ್ನ ರೆಸಿಕ್ವಿಮೋಡ್ ಅಥ್ವಾ ಪಾಲಿ ಐಸಿಎಲ್‌ಸಿ ಅಥ್ವಾ ಎರಡರ ಜೊತೆ ಕೊಟ್ಟಿದ್ರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಟಿ ಸೆಲ್ ರೆಸ್ಪಾನ್ಸ್ ಬಂತು, ಕೆಲವರಲ್ಲಿ ಕಾಯಿಲೆ ಸ್ವಲ್ಪ ಕಾಲ ನಿಂತ್ಕೊಳ್ತು, ಆದ್ರೆ ಗಡ್ಡೆ ಕರಗೋಯ್ತು ಅನ್ನೋ ಥರದ್ದೇನಿಲ್ಲ. ಸೇಫ್ ಅಂತ ಮಾತ್ರ ಗೊತ್ತಾಯ್ತು, ಮೊದಲ ಹಂತದಲ್ಲಿ ನೋಡೋದು ಮುಖ್ಯವಾಗಿ ಅದನ್ನೇ. 2020ರಲ್ಲಿ ಮೆಲನೋಮಾ ಪೇಶೆಂಟ್‌ಗಳಲ್ಲಿ ಇದೇ ಸರಕು ಕೊಡೋಕೆ ಮುಂಚೆ ಎಫ್‌ಎಲ್‌ಟಿ3 ಲೈಗ್ಯಾಂಡ್ ಕೊಟ್ಟು ಡೆಂಡ್ರಿಟಿಕ್ ಸೆಲ್‌ಗಳ ಸಂಖ್ಯೆನೇ ಏರಿಸಿ ನೋಡಿದ್ರು, ರೆಸ್ಪಾನ್ಸ್ ಜಾಸ್ತಿಯಾಯ್ತು. ಸೆಲ್ ಕಮ್ಮಿ ಇದೆ ಅನ್ನೋ ಸಮಸ್ಯೆಗೆ ಇದು ನೇರ ಮದ್ದು.

ಇನ್ನು 2001ರ ಆ ಉಲ್ಟಾ ರಿಸಲ್ಟ್ ವೇಸ್ಟ್ ಏನೂ ಆಗಿಲ್ಲ. ದೇಹ ತನ್ನ ಮೇಲೇ ತಿರುಗಿ ಬೀಳೋ ಕಾಯಿಲೆಗಳಲ್ಲಿ ಬೇಕಾಗಿರೋದೇ ಟಿ ಸೆಲ್ ಸುಮ್ಮನಾಗೋದು ಅಲ್ವಾ, ಅದಕ್ಕೆ 2004ರಲ್ಲಿ ಅದೇ ಗುಂಪು ನರಗಳ ಪೊರೆಯ ಎಂಒಜಿ ಪ್ರೋಟೀನ್‌ನ ಪೆಪ್ಟೈಡ್‌ನ ಡೆಕ್-205 ಆಂಟಿಬಾಡಿಗೆ ಸೇರಿಸಿ, ಬೇಕಂತಲೇ ಅಜುವೆಂಟ್ ಇಲ್ದೆ ಕೊಟ್ಟು, ಮಲ್ಟಿಪಲ್ ಸ್ಕ್ಲೆರೋಸಿಸ್ ಹೋಲೋ ಕಾಯಿಲೆ ಇಲಿಗಳಿಗೆ ಬರದ ಹಾಗೆ ಮಾಡಿ ತೋರಿಸ್ತು.