ತವರಿನ ಅಡುಗೆಯನ್ನು ಹಬ್ಬದ ಊಟಕ್ಕೆ ತರುವುದು ಹೇಗೆ?

ಹುಟ್ಟಿದ ನಾಡನ್ನು ಬಿಟ್ಟು ದೂರದಲ್ಲಿ ನೆಲೆಸಿದವರ ಮನೆಯಲ್ಲಿ ಹಬ್ಬದ ದಿನ ತಟ್ಟೆ ತುಂಬಿದ್ದರೂ, ಅಮ್ಮನೋ ಅಜ್ಜಿಯೋ ಮಾಡುತ್ತಿದ್ದ ಆ ಒಂದು ಅಡುಗೆ ಇಲ್ಲದ್ದರಿಂದ ಊಟ ಅರ್ಧಕ್ಕೆ ನಿಂತಂತೆ ಅನ್ನಿಸುವುದುಂಟು. ಅದನ್ನು ಮರಳಿ ತರಬಹುದು. ಆದರೆ ಹಬ್ಬದ ಬೆಳಿಗ್ಗೆ ನೆನಪನ್ನೇ ನಂಬಿ ಒಲೆ ಹಚ್ಚಿದರೆ ಅದು ಕೈಗೂಡುವುದಿಲ್ಲ. ಒಂದು ತಿಂಗಳು ಮೊದಲೇ ಕೆಲಸ ಶುರುವಾಗಬೇಕು.

ಮೊದಲ ವರ್ಷ ಒಂದೇ ಅಡುಗೆಯನ್ನು ಆರಿಸಿಕೊಳ್ಳಿ. ಯಾವುದು ಇಲ್ಲದಿದ್ದರೆ ಹಬ್ಬ ಹಬ್ಬವೆನಿಸುವುದಿಲ್ಲ ಎಂದು ಮನೆಮಂದಿಯನ್ನೆಲ್ಲ ಕೇಳಿ, ಹೆಚ್ಚು ಜನರ ಬಾಯಲ್ಲಿ ಬಂದ ಹೆಸರನ್ನು ಹಿಡಿದರೆ ಸಾಕು.

ಮುಂದಿನ ಹೆಜ್ಜೆ ಅಳತೆ. ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವುದೂ ಇದೇ. ಹಿರಿಯರದು ಕೈ ಅಳತೆ, ಕಣ್ಣಳತೆ. ಉಪ್ಪು ಎಷ್ಟು ಎಂದರೆ ‘ರುಚಿಗೆ ತಕ್ಕಷ್ಟು’, ಹಿಟ್ಟು ಎಷ್ಟು ಎಂದರೆ ‘ಹಿಡಿಸುವಷ್ಟು’ ಎನ್ನುತ್ತಾರೆ. ಆದ್ದರಿಂದ ಕೇಳಿ ಬರೆದುಕೊಳ್ಳುವುದಕ್ಕಿಂತ ಪಕ್ಕದಲ್ಲಿ ನಿಂತು ತೂಗುವುದು ಒಳ್ಳೆಯದು. ಡಿಜಿಟಲ್ ತಕ್ಕಡಿಯ ಮೇಲೆ ತಟ್ಟೆಯಿಟ್ಟು ಸೊನ್ನೆಗೆ ತನ್ನಿ. ಅವರು ಪಾತ್ರೆಗೆ ಹಾಕಲು ತೆಗೆದ ಹಿಡಿಯನ್ನು ಮೊದಲು ಆ ತಟ್ಟೆಗೆ ಬಿಡಲಿ. ನನ್ನ ಅಮ್ಮನ ‘ಒಂದು ಹಿಡಿ’ಯನ್ನು ನಾನು ಮೂರು ಸಲ ತೂಗಿದೆ. ಮೂರರ ನಡುವಿನ ವ್ಯತ್ಯಾಸ ಎರಡೇ ಗ್ರಾಂ. ನನ್ನ ಹಿಡಿಯಾದರೋ ಅದಕ್ಕಿಂತ ಬಹಳ ದೊಡ್ಡದಿತ್ತು. ಇಷ್ಟು ವರ್ಷ ನನ್ನ ಕೈಯಲ್ಲಿ ಆ ಅಡುಗೆ ಏಕೆ ಗಟ್ಟಿಯಾಗುತ್ತಿತ್ತೆಂಬುದು ಅಂದು ತಿಳಿಯಿತು.

ಹಿರಿಯರು ದೂರದಲ್ಲಿದ್ದರೆ ವಿಡಿಯೊ ಕರೆಯಲ್ಲಿ ಕಲಿಯಬಹುದು. ಕ್ಯಾಮೆರಾ ಅವರ ಮುಖದ ಕಡೆಗಲ್ಲ, ಬಾಣಲೆಯ ಕಡೆಗಿರಲಿ. ಅವರು ಬಳಸುವ ಲೋಟದ ತುಂಬ ನೀರು ಹಿಡಿದು ತೂಗಲು ಹೇಳಿ: ನೀರಿನ ತೂಕ ಎಷ್ಟು ಗ್ರಾಮೋ ಲೋಟ ಹೆಚ್ಚುಕಡಿಮೆ ಅಷ್ಟೇ ಮಿಲಿಲೀಟರ್. ಪುಸ್ತಕದ ಅಳತೆಯನ್ನು ನಂಬುವಾಗಲೂ ಎಚ್ಚರ ಬೇಕು. ಅಮೆರಿಕದ ಕಪ್ ಸುಮಾರು 240 ಮಿಲಿಲೀಟರ್, ಆಸ್ಟ್ರೇಲಿಯಾದ್ದು 250. ದೊಡ್ಡ ಚಮಚ ಅಮೆರಿಕದಲ್ಲಿ 15 ಮಿಲಿಲೀಟರ್ ಆದರೆ ಆಸ್ಟ್ರೇಲಿಯಾದಲ್ಲಿ 20.

ಇನ್ನು ಸಾಮಗ್ರಿ. ಸಿಗದ ಪದಾರ್ಥಕ್ಕೆ ಬದಲಿ ಹುಡುಕುವ ಮೊದಲು, ಅದು ಅಡುಗೆಯಲ್ಲಿ ಯಾವ ಕೆಲಸ ಮಾಡುತ್ತದೆ ಎಂದು ಯೋಚಿಸಿ. ಹುಳಿಗಾಗಿ ಅಥವಾ ಮಂದವಾಗಲೆಂದು ಹಾಕುವುದಕ್ಕೆ ಬದಲಿ ಸುಲಭವಾಗಿ ಸಿಗುತ್ತದೆ. ಘಮಕ್ಕಾಗಿ ಹಾಕುವುದಕ್ಕೆ ಸಿಗುವುದಿಲ್ಲ. ತವರಿನಿಂದ ತರಿಸಲೇಬೇಕಾದದ್ದು ಆ ಘಮದ ವಸ್ತು ಮಾತ್ರ ಎಂಬುದು ನನ್ನ ಅಭಿಪ್ರಾಯ. ತರಿಸುವ ಮುನ್ನ ನೀವಿರುವ ದೇಶದ ಕಸ್ಟಮ್ಸ್ ನಿಯಮವನ್ನು ಓದಿ. ಐರೋಪ್ಯ ಒಕ್ಕೂಟಕ್ಕೆ ಹೊರಗಿನ ಬಹುತೇಕ ದೇಶಗಳಿಂದ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ತರುವಂತಿಲ್ಲ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಗಸಗಸೆಗೂ ನಿಷೇಧವಿದೆ.

ಬಳಿಕ, ಹಬ್ಬಕ್ಕೆ ಮೊದಲು ಎರಡು ಸಲವಾದರೂ ಮಾಡಿ ನೋಡಿ. ಕೈ ಅದೇ ಆದರೂ ನೀರು, ಗಾಳಿ, ಎತ್ತರ ಬೇರೆ. ಸಮುದ್ರಮಟ್ಟದಿಂದ ಮೇಲೇರಿದಂತೆ ಪ್ರತಿ 300 ಮೀಟರಿಗೆ ನೀರು ಕುದಿಯುವ ಉಷ್ಣತೆ ಸುಮಾರು 1 ಡಿಗ್ರಿ ಸೆಲ್ಸಿಯಸ್ ಇಳಿಯುವುದರಿಂದ, ಎತ್ತರದ ಊರಿನಲ್ಲಿ ಬೇಳೆಕಾಳು ಬೇಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಕಾಳಿನ ಸಿಪ್ಪೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ನೆನೆಸಲೂ ಬೇಯಿಸಲೂ ಶೋಧಿಸಿದ ಮೆದು ನೀರು ಬಳಸಿ. ಚಳಿಯ ಮನೆಯಲ್ಲಿ ಹಿಟ್ಟು ಹುದುಗು ಬರದಿದ್ದರೆ, ಓವನ್ ಉರಿಸದೆ ಒಳಗಿನ ದೀಪವನ್ನಷ್ಟೇ ಹಚ್ಚಿ, ಪಾತ್ರೆಯನ್ನು ರಾತ್ರಿಯಿಡೀ ಅಲ್ಲಿಡಬಹುದು. ನಾಲ್ವರ ಅಳತೆಯನ್ನು ಇಪ್ಪತ್ತು ಜನರಿಗೆ ಏರಿಸುವಾಗ ಉಪ್ಪು, ಖಾರ, ನೀರುಗಳನ್ನು ಒಮ್ಮೆಗೇ ಐದು ಪಟ್ಟು ಸುರಿಯದೆ, ಕಡಿಮೆ ಹಾಕಿ, ರುಚಿ ನೋಡಿ ಸೇರಿಸಬೇಕು.

ಹಬ್ಬದ ದಿನ ಈ ಅಡುಗೆ ನೀವು ನೆಲೆಸಿದ ಊರಿನ ಅಡುಗೆಗಳ ಜೊತೆಯಲ್ಲಿ ಕುಳಿತುಕೊಳ್ಳಲಿ. ಅವುಗಳನ್ನು ಸರಿಸಿ ಕೂರುವುದು ಬೇಡ. ಮೊದಲ ಸಲ ತಿನ್ನುವವರಿಗೆ ಸ್ವಲ್ಪವೇ ಬಡಿಸಿ, ಇದನ್ನು ಮನೆಯಲ್ಲಿ ಯಾರು, ಯಾವಾಗ ಮಾಡುತ್ತಿದ್ದರು ಎಂದು ಎರಡು ಮಾತಿನಲ್ಲಿ ಹೇಳಿ. ಗೋಧಿ, ಹಾಲು, ಮೊಟ್ಟೆ, ಎಳ್ಳು, ಕಡಲೆಕಾಯಿ, ಗೋಡಂಬಿಯಂಥವು ಇದ್ದರೆ ಚೀಟಿ ಬರೆದು ಪಾತ್ರೆಯ ಪಕ್ಕದಲ್ಲಿಡಿ, ಏಕೆಂದರೆ ಪರಿಚಯವಿಲ್ಲದ ಅಡುಗೆಯಲ್ಲಿ ಏನಿದೆಯೆಂದು ಅಲರ್ಜಿಯಿರುವ ಅತಿಥಿ ಊಹಿಸಲಾರರು. ಮಾತಿನ ಭರದಲ್ಲಿ ಅಡುಗೆ ಮೇಜಿನ ಮೇಲೆಯೇ ಉಳಿದುಬಿಡುವುದು ಸಾಮಾನ್ಯ. ಎರಡು ಗಂಟೆಯೊಳಗೆ ಉಳಿದದ್ದು ಫ್ರಿಜ್ಜಿಗೆ ಹೋಗಬೇಕು.

ಅತಿಥಿಗಳು ಹೋದ ಮೇಲೆ, ಅದೇ ರಾತ್ರಿ, ಅಳತೆ ಬರೆದಿಟ್ಟ ಪುಸ್ತಕವನ್ನು ತೆಗೆಯಿರಿ. ಎಷ್ಟು ಜನ ಬಂದಿದ್ದರು, ಎಷ್ಟು ಮಿಕ್ಕಿತು, ಯಾವುದು ಹೆಚ್ಚಾಯಿತು ಎಂದು ತಾರೀಖಿನೊಡನೆ ಬರೆದು, ಕೆಳಗಿನ ಅರ್ಧ ಪುಟವನ್ನು ಮುಂದಿನ ವರ್ಷಕ್ಕೆ ಖಾಲಿ ಬಿಡಿ.