ಕವರ್ ಕೊಡೋದು ನಿಲ್ಲಿಸಿದ ಮೇಲೆ

2019ರಲ್ಲಿ ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಗೆ ಪಿಆರ್‌ಒ (ಸಾರ್ವಜನಿಕ ಸಂಪರ್ಕಾಧಿಕಾರಿ) ಆಗಿ ಸೇರಿದೆ. ಮೊದಲ ದಿನವೇ ಹಳೆಯ ಮ್ಯಾನೇಜರ್ ಒಂದು ಉದ್ದನೆ ನೋಟ್‌ಬುಕ್ ಕೈಗಿಟ್ಟು, "ಮಾರ್ಕೆಟಿಂಗ್ ಎಲ್ಲಾ ಇದರಲ್ಲೇ ಇದೆ, ನೋಡ್ಕೊಳ್ಳಿ" ಅಂದರು. ಪುಟಕ್ಕೆ ಮೂರು ಕಾಲಂ. ಮೊದಲನೆಯದರಲ್ಲಿ ಹೆಸರುಗಳು: ಹಳ್ಳಿ ಕಡೆ ಪ್ರಾಕ್ಟೀಸ್ ಮಾಡುವವರು, ಆಂಬ್ಯುಲೆನ್ಸ್ ಡ್ರೈವರ್‌ಗಳು, ಒಬ್ಬಿಬ್ಬರು ಲ್ಯಾಬ್‌ನವರು. ಎರಡನೆಯದರಲ್ಲಿ ಅವರು ಆ ತಿಂಗಳು ಎಷ್ಟು ಕೇಸ್ ಕಳಿಸಿದರು. ಮೂರನೆಯದರಲ್ಲಿ ಕವರ್‌ನಲ್ಲಿ ಎಷ್ಟು ಹೋಯಿತು.

ರೋಗಿಯನ್ನು ಕಳಿಸಿದ್ದಕ್ಕೆ ಡಾಕ್ಟರು ಕಮಿಷನ್ ಕೊಡಬಾರದು, ತಗೋಬಾರದು ಅಂತ 2002ರ ವೈದ್ಯಕೀಯ ನಡತೆ ನಿಯಮಗಳಲ್ಲೇ ಇದೆ. ಆದರೆ ನನ್ನನ್ನು ಆ ರಾತ್ರಿ ಕಾಡಿದ್ದು ಮೂರನೇ ಕಾಲಂ. ಆ ದುಡ್ಡು ಕೊನೆಗೆ ರೋಗಿಯ ಬಿಲ್‌ನಿಂದಲೇ ಬರಬೇಕು ಅಲ್ವಾ? ಹೊಸನಗರದ ಕಡೆಯಿಂದ ಅಡಿಕೆ ಮಾರಿದ ದುಡ್ಡು ಹಿಡಿದು ಬಂದವರು, ತಮ್ಮನ್ನು ಇಲ್ಲಿಗೆ ಕಳಿಸಿದವರ ಕವರನ್ನೂ ತಾವೇ ತುಂಬುತ್ತಿದ್ದರು. ಅದು ಅವರಿಗೆ ಗೊತ್ತೇ ಇರಲಿಲ್ಲ.

ಹಿರಿಯ ಡಾಕ್ಟರ ಹತ್ತಿರ ಹೋದೆ. "ಸರ್, ಆರು ತಿಂಗಳು ಇದನ್ನ ನಿಲ್ಸೋಣ. ಆ ದುಡ್ಡಲ್ಲಿ ಅರ್ಧ ನನಗೆ ಬೇರೆ ಕೆಲಸಕ್ಕೆ ಕೊಡಿ" ಅಂದೆ. ಅವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ನನಗೂ ಇದು ಇಷ್ಟ ಇಲ್ಲ ಕಣಯ್ಯ, ಮಾಡಿ ನೋಡು" ಅಂದರು. ಮೊದಲ ಎರಡು ತಿಂಗಳು ಹೊರಗಿನಿಂದ ಬರುವ ಕೇಸ್ ಕಣ್ಣಿಗೆ ಕಾಣುವಷ್ಟು ಕಮ್ಮಿಯಾಯಿತು. ನಿದ್ದೆ ಬರುತ್ತಿರಲಿಲ್ಲ.

ಆ ಎರಡು ತಿಂಗಳು ನಾನು ಜಾಸ್ತಿ ಹೊತ್ತು ಕಳೆದಿದ್ದು ಐಸಿಯು ಹೊರಗಿನ ಬೆಂಚಿನ ಮೇಲೆ. ಸುಮ್ನೆ ಕೂತು ಜನರ ಮಾತು ಕೇಳುತ್ತಿದ್ದೆ. ಒಂದು ಸಂಜೆ ಸೊರಬದ ಕಡೆಯ ಒಬ್ಬ ಅಜ್ಜಿ ಪಕ್ಕದಲ್ಲಿ ಕೂತಿದ್ದರು. ಮಡಿಲಲ್ಲಿ ಸ್ಟೀಲ್ ಡಬ್ಬಿ, ಮಗನಿಗೆ ಅಂತ ಗಂಜಿ ತಂದಿದ್ದರು. ಬೆಳಿಗ್ಗೆಯಿಂದ ಯಾರೂ ಅವರಿಗೆ ಏನೂ ಹೇಳಿರಲಿಲ್ಲ. ಮಗನ ಬಾಯಿಗೆ ವೆಂಟಿಲೇಟರ್ ಪೈಪ್ ಹಾಕಿದ್ದಾರೆ ಅನ್ನೋದೂ ಗೊತ್ತಿರಲಿಲ್ಲ. ಬಾಗಿಲು ತೆರೆದಾಗೆಲ್ಲ ಡಬ್ಬಿ ಹಿಡಿದು ಎದ್ದು ನಿಲ್ಲುತ್ತಿದ್ದರು. "ತಮ್ಮಾ, ಒಳಗೆ ಹೋಗೋರು ನೀನು, ಅವನು ಉಂಡ್ನಾ ಅಂತ ಒಂದು ಕೇಳಿ ಬಾರಪ್ಪ" ಅಂದರು. ಒಳಗೆ ನಮ್ಮ ಡಾಕ್ಟರು, ಸಿಸ್ಟರ್‌ಗಳು ಜೀವ ಉಳಿಸೋಕೆ ಒದ್ದಾಡುತ್ತಿದ್ದರು. ಆದರೆ ಆ ಅಜ್ಜಿಯ ಪಾಲಿಗೆ ನಮ್ಮ ಆಸ್ಪತ್ರೆ ಅಂದರೆ ಆ ಮುಚ್ಚಿದ ಬಾಗಿಲು ಅಷ್ಟೇ.

ಅಲ್ಲಿಂದ ಕೆಲಸ ಶುರು ಮಾಡಿದೆ. ಐಸಿಯು ಪಕ್ಕದ ಸ್ಟೋರ್ ರೂಮ್ ಖಾಲಿ ಮಾಡಿಸಿ ಆರು ಕುರ್ಚಿ, ಒಂದು ಫ್ಯಾನ್, ಒಂದು ಕ್ಯಾನ್ ನೀರು ಇಡಿಸಿದೆ. ಬೆಳಿಗ್ಗೆ 11ಕ್ಕೆ, ಸಂಜೆ 5ಕ್ಕೆ ಡ್ಯೂಟಿ ಡಾಕ್ಟರು ಅಲ್ಲಿ ಬಂದು ಕೂತು ಪ್ರತಿ ಮನೆಯವರ ಜೊತೆ ಮಾತಾಡಬೇಕು. ನಿಂತುಕೊಂಡು ಅಲ್ಲ, ಕೂತು. ಡಾಕ್ಟರುಗಳು ಮೊದಲು ಒಪ್ಪಲಿಲ್ಲ, ಟೈಮ್ ಇಲ್ಲ ಅಂದರು. ನಿಜಕ್ಕೂ ಟೈಮ್ ಇರಲಿಲ್ಲ. ಆದರೆ ಒಂದು ತಿಂಗಳಾದ ಮೇಲೆ, ಮನೆಯವರು ಕಾರಿಡಾರ್‌ನಲ್ಲಿ ಅಡ್ಡ ಹಾಕಿ ಕೇಳೋದು ನಿಂತಿದೆ ಅಂತ ಅವರೇ ಹೇಳಿದರು.

ಬೆಂಚಿನ ಮೇಲೆ ಕೇಳಿದ ಇನ್ನೊಂದು ಮಾತು ದುಡ್ಡಿನದು. ಬಿಲ್ ಜಾಸ್ತಿ ಅನ್ನೋದಕ್ಕಿಂತ, "ಇದ್ದಕ್ಕಿದ್ದ ಹಾಗೆ ಕರೆದು ಇನ್ನೂ ಇಪ್ಪತ್ತು ಸಾವಿರ ಕಟ್ಟಿ ಅಂತಾರೆ" ಅನ್ನೋ ಸಂಕಟವೇ ಜಾಸ್ತಿ. ಅದಕ್ಕೆ ದಿನಾ ಸಂಜೆ ಆವತ್ತಿನವರೆಗಿನ ಖರ್ಚು ಎಷ್ಟು, ನಾಳೆ ಹೆಚ್ಚುಕಮ್ಮಿ ಎಷ್ಟಾಗಬಹುದು ಅಂತ ಕನ್ನಡದಲ್ಲಿ ಒಂದು ಚೀಟಿ ಕೊಡೋಕೆ ಶುರು ಮಾಡಿದೆವು. ಬಿಲ್ ಬಾಕಿ ಇದೆ ಅಂತ ತೀರಿಕೊಂಡವರ ದೇಹ ಹಿಡಿದಿಟ್ಟುಕೊಳ್ಳೋ ಹಾಗಿಲ್ಲ. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಲ್ಲಿ ಅದು ಸ್ಪಷ್ಟವಾಗಿದೆ. ಅದನ್ನು ಬಿಲ್ಲಿಂಗ್ ಕೌಂಟರ್‌ನ ಒಳಗೂ ಹೊರಗೂ ದಪ್ಪ ಅಕ್ಷರದಲ್ಲಿ ಹಾಕಿಸಿದೆ. ಒಳಗಿನ ಬೋರ್ಡ್ ನಮ್ಮವರಿಗೆ.

ಫ್ಲೆಕ್ಸ್ ವಿಷಯದಲ್ಲಿ ಮಾತ್ರ ಸ್ವಲ್ಪ ಜಗಳವೇ ಆಯಿತು. ಹಬ್ಬ ಬಂದರೆ ಸರ್ಕಲ್‌ನಲ್ಲಿ ಡಾಕ್ಟರ ದೊಡ್ಡ ಫೋಟೋ, "ನಂ. 1", "ಶೇ. 100 ಗ್ಯಾರಂಟಿ" ಬೇಕು ಅನ್ನುವವರಿದ್ದರು. ಆಸ್ಪತ್ರೆಯ ಹೆಸರು, ಯಾವ ರೋಗಿಗಳನ್ನು ನೋಡುತ್ತೇವೆ, ಏನೇನು ಸೌಲಭ್ಯ, ಫೀಸ್ ಎಷ್ಟು, ಇಷ್ಟಕ್ಕೇ ಜಾಹೀರಾತು ನಿಲ್ಲಬೇಕು ಅಂತ ಅದೇ 2002ರ ನಿಯಮಗಳನ್ನು ತೋರಿಸಿದೆ. ಒಪಿಡಿ ಟೈಮ್, ಫೀಸ್ ಹಾಕಿದ ಸಾದಾ ಬೋರ್ಡ್ ಬಂತು. ಫೋನ್ ಮಾಡಿ "ಫೀಸ್ ಎಷ್ಟು" ಅಂತ ಕೇಳುವವರೇ ಕಮ್ಮಿಯಾದರು.

ಇನ್ನು ನನ್ನದೇ ತಪ್ಪೊಂದನ್ನು ಹೇಳಬೇಕು. ಫಿಟ್ಸ್ ಬರುತ್ತಿದ್ದ ಒಬ್ಬ ಹುಡುಗಿಗೆ ತಲೆಯೊಳಗಿನ ಗಡ್ಡೆ ತೆಗೆದು ಗುಣವಾಗಿತ್ತು. ಡಿಸ್ಚಾರ್ಜ್ ದಿನ ಪೇಪರ್‌ಗೆ ಕೊಡಲಾ ಅಂತ ಕೇಳಿದೆ. ಅಪ್ಪ ಖುಷಿಯಲ್ಲಿ ತಲೆ ಆಡಿಸಿದರು. ಫೋಟೋ, ಹೆಸರು, ಊರು ಎಲ್ಲಾ ಬಂತು. ಮೂರು ತಿಂಗಳ ಮೇಲೆ ಅವರು ಆ ಪೇಪರ್ ಕಟಿಂಗ್ ಮಡಚಿ ಜೇಬಲ್ಲಿ ಇಟ್ಟುಕೊಂಡು ಬಂದರು. ಬೈಯಲಿಲ್ಲ. "ಸರ್, ಗಂಡಿನ ಕಡೆಯವರು ಇದನ್ನ ತೋರಿಸಿ ಬೇಡ ಅಂದ್ರು" ಅಂತ ಹೇಳಿ ಕಟಿಂಗ್ ಅನ್ನು ನನ್ನ ಟೇಬಲ್ ಮೇಲೆ ಇಟ್ಟು ಹೋದರು. ನಾನು ಆ ಹುಡುಗಿಯನ್ನು ಒಂದು ಮಾತೂ ಕೇಳಿರಲಿಲ್ಲ.

ಈಗ ಡಿಸ್ಚಾರ್ಜ್ ದಿನ ಇದನ್ನು ಯಾರ ಹತ್ತಿರವೂ ಎತ್ತೋದಿಲ್ಲ. ಆವತ್ತು ಜನ ಏನು ಕೇಳಿದರೂ ಹೂಂ ಅನ್ನುತ್ತಾರೆ. ಎರಡು ವಾರ ಬಿಟ್ಟು ಮತ್ತೆ ತೋರಿಸಿಕೊಳ್ಳೋಕೆ ಬಂದಾಗ, ರೋಗಿಯನ್ನೇ ಕೇಳಿ, ಕನ್ನಡದ ಫಾರಂ ಓದಿ ಹೇಳಿ ಸಹಿ ತಗೋತೀವಿ. ಮುಖ, ಹೆಸರು, ಊರು, ಮೂರಕ್ಕೂ ಬೇರೆಬೇರೆ ಒಪ್ಪಿಗೆ. ಬೇಡ ಅಂದರೆ ಮತ್ತೆ ಕೇಳೋದಿಲ್ಲ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಬರೀ 46 ವರ್ಷ. ಅದಾದ ಮೇಲೆ ನಮ್ಮ ಇಸಿಜಿ ರೂಮಿನ ಮುಂದೆ ಕ್ಯೂ. ಇಪ್ಪತ್ತೆರಡರ ಹುಡುಗರು, ಜಿಮ್‌ಗೆ ಹೋಗುವವರು, ಎಲ್ಲರ ಮುಖದಲ್ಲೂ ಭಯ. ಹೃದಯದ ಚೆಕಪ್ ಪ್ಯಾಕೇಜ್ ಅಂತ ತಕ್ಷಣ ಫ್ಲೆಕ್ಸ್ ಹಾಕಿಸೋಣ ಅನ್ನೋ ಮಾತು ನಮ್ಮಲ್ಲೂ ಬಂತು. ಬೇಡವೇ ಬೇಡ ಅಂದೆ. ಹೃದ್ರೋಗ ತಜ್ಞರ ಹತ್ತಿರ ಕೂತು ಅರ್ಧ ಹಾಳೆ ಬರೆದೆವು. ಶುಗರ್, ಬಿಪಿ, ಸಿಗರೇಟು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರು, ಇವುಗಳಲ್ಲಿ ಯಾವುದಾದರೂ ಇದ್ದರೆ ಡಾಕ್ಟರಿಗೆ ತೋರಿಸಿ. ಎದೆ ಹಿಂಡಿದಂತಾಗಿ ಬೆವರು ಬಂದರೆ ಗ್ಯಾಸ್ ಅಂತ ಕಾಯಬೇಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ನಮ್ಮ ಆಸ್ಪತ್ರೆಗೇ ಬನ್ನಿ ಅಂತ ಅದರಲ್ಲಿ ಬರೆಯಲಿಲ್ಲ. ಹಾಲಿನ ಡೈರಿಗಳಲ್ಲಿ, ಸೊಸೈಟಿಗಳಲ್ಲಿ ಅಂಟಿಸಿದೆವು. ಆಮೇಲೆ ಒಂದು ಬೆಳಗಿನ ಜಾವ ರಿಪ್ಪನ್‌ಪೇಟೆ ಕಡೆಯಿಂದ ಒಬ್ಬರನ್ನು ಕರೆತಂದರು. ಅವರ ಹೆಂಡತಿ ಡೈರಿಗೆ ಹಾಲು ಹಾಕೋಕೆ ಹೋದಾಗ ಆ ಹಾಳೆ ಓದಿದ್ದರಂತೆ.

ಅದೇ ದಾರಿಯಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ್ದೂ ಒಂದು ಹಾಳೆ ಮಾಡಿದೆ. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಇದೆ ಅಂತ ಜನಕ್ಕೆ ಗೊತ್ತಿರುತ್ತೆ. ತುರ್ತು ಅಲ್ಲದ ಎಷ್ಟೋ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲು ಬೇಕು ಅನ್ನೋದು ಇಲ್ಲಿಗೆ ಬಂದ ಮೇಲೆಯೇ ಗೊತ್ತಾಗೋದು. ಸಾಗರದಿಂದ ಬಂದು ವಾಪಸ್ ಹೋಗಿ ಮತ್ತೆ ಬರಬೇಕು. ಆ ಹಾಳೆಯನ್ನು ಆಶಾ ಕಾರ್ಯಕರ್ತೆಯರು ಕೇಳಿ ತಗೊಂಡು ಹೋಗುತ್ತಾರೆ.

ಹಿಂದೆ, ಕವರ್ ನಿಲ್ಲಿಸಿ ನೋಡೋ ಆ ಆರು ತಿಂಗಳ ಗಡುವು ಮುಗಿದಾಗ ಹಿರಿಯ ಡಾಕ್ಟರು ಲೆಕ್ಕ ತರಿಸಿದ್ದರು. ಕೇಸ್ ಹಿಂದಿನಷ್ಟು ಆಗಿರಲಿಲ್ಲ, ಆದರೆ ಬೀಳೋದು ನಿಂತಿತ್ತು. ಯಾರು ಕಳಿಸಿದರು ಅನ್ನೋ ಕಡೆ ರಿಸೆಪ್ಷನ್‌ನವರು "ನಮ್ಮೂರಿನವರು ಹೇಳಿದರು" ಅಂತ ಬರೆದಿದ್ದು ಜಾಸ್ತಿಯಾಗಿತ್ತು. "ಮುಂದುವರಿಸು" ಅಂದರು.

ಆ ಹಳೆ ನೋಟ್‌ಬುಕ್‌ನಲ್ಲಿ ಖಾಲಿ ಪುಟಗಳು ತುಂಬಾ ಇದ್ದವು. ಬೆಂಚಿನ ಮೇಲೆ ಕೇಳಿದ ಮಾತುಗಳನ್ನು ಈಗ ಅದರಲ್ಲೇ ಬರೆಯುತ್ತೇನೆ. ಮೊನ್ನೆ ಬರೆದಿದ್ದು ಇದು: "ಬೆಳಿಗ್ಗೆ ಡಿಸ್ಚಾರ್ಜ್ ಅಂತ ಹೇಳಿ ಸಂಜೆವರೆಗೂ ಕೂರಿಸ್ತೀರಿ, ನಮ್ಮೂರಿಗೆ ಕೊನೆ ಬಸ್ಸು ಹೋಗ್ಬಿಡುತ್ತೆ." ಇನ್ಶೂರೆನ್ಸ್ ಒಪ್ಪಿಗೆ ಬರೋದು ನಮ್ಮ ಕೈಯಲ್ಲಿಲ್ಲ. ಆದರೆ ಡಿಸ್ಚಾರ್ಜ್ ಸಮ್ಮರಿಯನ್ನು ಹಿಂದಿನ ರಾತ್ರಿಯೇ ಬರೆದಿಡಬಹುದು. ಈ ವಾರ ಎರಡು ವಾರ್ಡ್‌ಗಳಲ್ಲಿ ಅದನ್ನು ಶುರು ಮಾಡಿದ್ದೇವೆ.